ರಾತ್ರಿ ಹತ್ತು ನಿಮಿಷ, ಸುಳ್ಳಿಲ್ಲದೆ

ಮಂಜೇಶ್ವರದ ಕಡೆಯ ನಮಗೆ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಆಫೀಸಿಗೆ ಹೋದರೆ ಮಲಯಾಳ. ಜಾಗಕ್ಕೆ ತಕ್ಕ ಹಾಗೆ ಮಾತು, ಮಾತಿಗೆ ತಕ್ಕ ಹಾಗೆ ಮುಖ. ಅದೇ ಅಭ್ಯಾಸದಲ್ಲಿ ದೇವರ ಮುಂದೆಯೂ ಒಂದು ಮುಖ ಹಾಕಿಕೊಂಡೇ ಕೂರುತ್ತೇವೆ.

ನಾನು ವರ್ಷಗಟ್ಟಲೆ ಕುಮ್ಸಾರಿಗೆ, ಅಂದರೆ ಚರ್ಚಿನಲ್ಲಿ ಫಾದರ್ ಮುಂದೆ ಪಾಪ ಹೇಳಿಕೊಳ್ಳುವುದಕ್ಕೆ, ಹೋಗಿ ಒಂದೇ ಪಟ್ಟಿ ಒಪ್ಪಿಸುತ್ತಿದ್ದೆ. ಕೋಪ ಬಂತು, ಸುಳ್ಳು ಹೇಳಿದೆ, ಪ್ರಾರ್ಥನೆ ತಪ್ಪಿಸಿದೆ. ಚಿಕ್ಕಂದಿನಲ್ಲಿ ಕಲಿತ ಪಟ್ಟಿ! ಒಮ್ಮೆ ಫಾದರ್ "ಯಾವ ಸುಳ್ಳು? ಯಾರಿಗೆ?" ಅಂತ ಕೇಳಿದರು. ನನ್ನ ಬಾಯಿ ಕಟ್ಟಿತು. ಗಲ್ಫಿನಲ್ಲಿರುವ ಅಣ್ಣ ಮನೆ ಕಟ್ಟಿಸುತ್ತಿದ್ದ, ನಾನು ಫೋನಲ್ಲಿ "ತುಂಬಾ ಖುಷಿಯಾಯ್ತು ಅಣ್ಣಾ" ಅಂದಿದ್ದೆ, ಹೊಟ್ಟೆ ಮಾತ್ರ ಉರಿಯುತ್ತಿತ್ತು.

ಆಮೇಲೆ ಹಿಡಿದ ದಾರಿ ಇದು. ಯೇಸುಸಭೆ ಅನ್ನುವ ಪಾದ್ರಿಗಳ ಸಂಘ ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸ್ (1491–1556) ಹೇಳಿಕೊಟ್ಟ ಐದು ಹೆಜ್ಜೆಯ ಆತ್ಮಪರೀಕ್ಷೆ.

ಊಟ ಆದ ಮೇಲೆ ಸುಮ್ನೆ ಕೂತುಕೊಳ್ಳಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೊದಲು ಕೃತಜ್ಞತೆ. ಇದನ್ನು ಹಾರಿಸಬೇಡಿ, ಹಾರಿಸಿದರೆ ಪರೀಕ್ಷೆ ಪೊಲೀಸ್ ವಿಚಾರಣೆಯ ಹಾಗೆ ಆಗುತ್ತದೆ. ಆಮೇಲೆ, ನನ್ನನ್ನು ನಾನೇ ಸರಿಯಾಗಿ ನೋಡುವ ಹಾಗೆ ಮಾಡು ಅಂತ ಬೇಡಿಕೊಳ್ಳಿ.

ಮೂರನೆಯದು ಕಷ್ಟದ್ದು. ಬೆಳಿಗ್ಗೆಯಿಂದ ಗಂಟೆ ಗಂಟೆ ನೆನಪಿಸಿಕೊಳ್ಳಿ. ಮಾಡಿದ್ದನ್ನು ಮಾಡಿದ ಹಾಗೇ ಹೇಳಿ, ಅದೂ ನೀವು ಜಗಳ ಆಡುವ ಭಾಷೆಯಲ್ಲಿ. "ಅಸೂಯೆಯೆಂಬ ದೌರ್ಬಲ್ಯ" ಅಂದರೆ ನನಗೇನೂ ಚುಚ್ಚುವುದಿಲ್ಲ, ಕೊಂಕಣಿಯಲ್ಲಿ ಹೇಳಿದಾಗ ಕಣ್ಣಲ್ಲಿ ನೀರು ಬಂತು. "ನಾನೇ ಕೆಟ್ಟವನು" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ, ಅದು ವಿವರ ತಪ್ಪಿಸಿಕೊಳ್ಳುವ ಉಪಾಯ. ಹಾಗೇ ಪಾಪ ಅಲ್ಲದ್ದನ್ನು ಪಟ್ಟಿಗೆ ತುರುಕಬೇಡಿ. ವೀಸಾ ಸಿಗದಿದ್ದದ್ದು, ಮಾತು ತೊದಲುವುದು, ಬಣ್ಣ ಕಪ್ಪು, ಇದಕ್ಕೆಲ್ಲ ಯಾಕೆ ಕ್ಷಮೆ ಕೇಳಬೇಕು? (ತಪ್ಪಿತಸ್ಥ ಭಾವನೆ ನಿದ್ದೆಯನ್ನೇ ಕೆಡಿಸುತ್ತಿದ್ದರೆ ಫಾದರ್ ಜೊತೆಗೆ ಡಾಕ್ಟರನ್ನೂ ನೋಡಿ.)

ನಾಲ್ಕನೆಯದು ಕ್ಷಮೆ. ಇಲ್ಲಿ ನಾನು ಬೈಬಲಿನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದುತ್ತೇನೆ. ಎಲ್ಲರೂ ಬಿಟ್ಟರೂ ನಾನು ಬಿಡಲ್ಲ ಅಂದಿದ್ದ ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ಗೊತ್ತೇ ಇಲ್ಲ ಅಂದವನು. ಈಗ ಯೇಸು "ಇವರಿಗಿಂತ ಹೆಚ್ಚಾಗಿ ಪ್ರೀತಿಸುತ್ತೀಯಾ" ಅಂತ ಕೇಳಿದರೆ ಅವನು ಹೋಲಿಕೆಗೇ ಹೋಗುವುದಿಲ್ಲ, "ನಿಮಗೇ ಗೊತ್ತು" ಅಂತಾನೆ. ಪಾಪ, ಸ್ವಲ್ಪ ಹೊತ್ತಿಗೇ ಇನ್ನೊಬ್ಬ ಶಿಷ್ಯನನ್ನು ನೋಡಿ "ಇವನ ಕತೆ ಏನು" ಅಂತ ಕೇಳಿಬಿಡುತ್ತಾನೆ. ಅದರಿಂದ ನಿನಗೇನು, ನೀನು ನನ್ನ ಹಿಂದೆ ಬಾ ಅಂತ ಯೇಸು ಹೇಳುತ್ತಾರೆ. ಅಣ್ಣನ ಮನೆಗೆ ಗೃಹಪ್ರವೇಶ ಆಗುವವರೆಗೂ ನನಗೆ ಈ ಮಾತು ದಿನಾ ಬೇಕಾಯಿತು.

ಐದನೆಯದು ನಾಳೆಯ ವಿಷಯ. ಚಿಕ್ಕದಿರಲಿ. ಅಣ್ಣನಿಗೆ ಎಲ್ಲ ಹೇಳಿಬಿಡಬೇಕಾ ಅಂತ ಫಾದರನ್ನು ಕೇಳಿದ್ದೆ. ಮೊದಲು ಸುಳ್ಳು ಹೊಗಳಿಕೆ ನಿಲ್ಲಿಸು ಅಂದರು. ಮುಂದಿನ ಸಲ ಫೋನ್ ಬಂದಾಗ ಮನೆಯ ಸುದ್ದಿ ಎತ್ತದೆ, ಆ ಬಿಸಿಲಲ್ಲಿ ಹೇಗೆ ಕೆಲಸ ಮಾಡ್ತೀಯ ಅಂತ ಕೇಳಿದೆ. ಅಣ್ಣ ಮುಕ್ಕಾಲು ಗಂಟೆ ಮಾತಾಡಿದ.