ವಿದೇಶದ ದೇಣಿಗೆ: ಮೊದಲು ಪಾಸ್‌ಪೋರ್ಟ್ ಕೇಳಿ

ಅಮೆರಿಕ, ಬ್ರಿಟನ್, ದುಬೈಗಳಲ್ಲಿರುವ ಕನ್ನಡ ಕುಟುಂಬಗಳು ಬೆಂಗಳೂರಿನ ಬಡ ಮಕ್ಕಳ ಓದಿಗೆ ನೆರವಾಗಲು ಮುಂದೆ ಬರುವುದು ಹೊಸದೇನಲ್ಲ. ಹಿರಿಯರು ದುಡ್ಡು ಕಳಿಸುತ್ತೇವೆ ಎನ್ನುತ್ತಾರೆ, ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಪಾಠ ಹೇಳಿಕೊಡುತ್ತೇವೆ ಎನ್ನುತ್ತಾರೆ. ಇಲ್ಲಿನ ಪುಟ್ಟ ಟ್ರಸ್ಟ್ ಖುಷಿಯಿಂದ ತನ್ನ ಖಾತೆ ಸಂಖ್ಯೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿಬಿಡುತ್ತದೆ. ಎಡವಟ್ಟಾಗುವುದು ಅಲ್ಲೇ. ಖಾತೆ ಸಂಖ್ಯೆ ಕೊಡುವ ಮೊದಲು ಮಾಡಬೇಕಾದ ಕೆಲಸ ಸಾಕಷ್ಟಿದೆ.

ಕೊಡುವವರು ಯಾವ ದೇಶದ ಪ್ರಜೆ?

2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ಎಫ್‌ಸಿಆರ್‌ಎ ಎನ್ನುವ ಕಾನೂನು, ನೋಡುವುದು ಕೊಟ್ಟವರ ಪೌರತ್ವವನ್ನು. ಭಾರತದ ಪಾಸ್‌ಪೋರ್ಟ್ ಇರುವವರು ದುಬೈನಲ್ಲಿದ್ದುಕೊಂಡು ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದವರು ಜಯನಗರದ ಅಮ್ಮನ ಮನೆಯಲ್ಲಿ ಕೂತು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ನಡೆಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ, ನಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಅಲ್ಲಿನ ಕನ್ನಡ ಸಂಘದ ಸದಸ್ಯರೆಲ್ಲ ಭಾರತದ ಪ್ರಜೆಗಳೇ ಇರಬಹುದು. ಆದರೆ ಹಣ ಸಂಘದ ಖಾತೆಗೆ ಹೋಗಿ ಅಲ್ಲಿಂದ ಇಲ್ಲಿಗೆ ಬಂದರೆ, ಕೊಟ್ಟದ್ದು ವಿದೇಶದಲ್ಲಿ ನೋಂದಣಿಯಾದ ಸಂಸ್ಥೆ ಎಂದಾಯಿತು. ಹೈಸ್ಕೂಲ್ ಹುಡುಗಿಯೊಬ್ಬಳು ವಿದೇಶಿ ಕಂಪನಿಯೊಂದರ ಜಾಲತಾಣದಲ್ಲಿ ಚಂದಾ ಎತ್ತಿ, ಆ ಕಂಪನಿ ಒಟ್ಟು ಮೊತ್ತವನ್ನು ಒಂದೇ ಕಂತಿನಲ್ಲಿ ಇಲ್ಲಿಗೆ ಕಳಿಸಿದರೂ ಅಷ್ಟೇ. ಅಮೆರಿಕದಲ್ಲಿ ಹುಟ್ಟಿದ ಮಗು ಹುಟ್ಟುಹಬ್ಬದ ದುಡ್ಡನ್ನು ಕೊಟ್ಟರೂ ಲೆಕ್ಕ ಬದಲಾಗುವುದಿಲ್ಲ.

ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಾಗಾಗಿ ಅವೆರಡೂ ಇಲ್ಲದ ಟ್ರಸ್ಟ್ ಭಾರತೀಯ ಪ್ರಜೆಗಳಿಂದ ಮಾತ್ರ, ಅವರವರ ಖಾತೆಯಿಂದ ನೇರವಾಗಿ ಹಣ ತೆಗೆದುಕೊಳ್ಳಬೇಕು. ಒಂದು ಪುಟದ ಘೋಷಣೆ ಪಡೆದಿಡಿ: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಮೊತ್ತ, ತಾರೀಖು, ‘ಇದು ನನ್ನ ಸ್ವಂತ ಉಳಿತಾಯದ ಹಣ’ ಎಂಬ ಸಾಲು, ಸಹಿ. ಜೊತೆಗೆ ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿ. ಗಂಡನದು ಭಾರತದ ಪಾಸ್‌ಪೋರ್ಟ್, ಹೆಂಡತಿಯದು ಅಮೆರಿಕದ್ದು ಎಂದಾದರೆ ಜಂಟಿ ಖಾತೆಯಿಂದ ಬೇಡ, ಗಂಡನ ಒಂಟಿ ಹೆಸರಿನ ಖಾತೆಯಿಂದಲೇ ಬರಲಿ. ಕೇಳುವುದಕ್ಕೆ ಮುಜುಗರವಾಗುತ್ತದೆ, ನಿಜ. ಆಮೇಲೆ ಸಿಎ ಮುಂದೆ ತಲೆ ಕೆರೆದುಕೊಳ್ಳುವುದಕ್ಕಿಂತ ವಾಸಿ.

ನೋಂದಣಿ ಬೇಕೆಂದರೆ

ಟ್ರಸ್ಟ್‌ಗೆ ಕನಿಷ್ಠ 3 ವರ್ಷ ತುಂಬಿರಬೇಕು. ಹಿಂದಿನ 3 ಹಣಕಾಸು ವರ್ಷಗಳಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿಯಾದರೂ ಖರ್ಚಾಗಿರಬೇಕು. ಅರ್ಜಿ ಕೇಂದ್ರ ಗೃಹ ಸಚಿವಾಲಯಕ್ಕೆ, ಆನ್‌ಲೈನ್‌ನಲ್ಲಿ. 2020ರ ತಿದ್ದುಪಡಿಯ ನಂತರ ವಿದೇಶಿ ಹಣ ಮೊದಲು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಅಲ್ಲಿಂದ ಬೆಂಗಳೂರಿನ ಎಫ್‌ಸಿಆರ್‌ಎ ಬಳಕೆ ಖಾತೆಗೆ ತಂದುಕೊಳ್ಳಬಹುದು. ಆ ಎರಡೂ ಖಾತೆಗಳಿಗೆ ಊರಿನ ದೇಣಿಗೆಯ ನೂರು ರೂಪಾಯಿಯೂ ಬೀಳಬಾರದು. ರಸೀದಿ ಪುಸ್ತಕವೂ ಬೇರೆಯೇ ಇರಲಿ.

ವಿದೇಶಿ ಹಣದಲ್ಲಿ ಆಡಳಿತ ವೆಚ್ಚ ವರ್ಷಕ್ಕೆ ಶೇ 20 ಮೀರುವಂತಿಲ್ಲ. ಸಿಎ ಪ್ರಮಾಣೀಕರಿಸಿದ ಎಫ್‌ಸಿ-4 ವಾರ್ಷಿಕ ವಿವರ ಡಿಸೆಂಬರ್ 31ರೊಳಗೆ ಹೋಗಬೇಕು. ಆ ವರ್ಷ ಒಂದು ಪೈಸೆ ಬರದಿದ್ದರೂ ಶೂನ್ಯ ಎಂದು ಸಲ್ಲಿಸಲೇಬೇಕು. ತಪ್ಪುವವರು ಹೆಚ್ಚಾಗಿ ಇಲ್ಲೇ ತಪ್ಪುತ್ತಾರೆ. ಖಾತೆಯಲ್ಲಿ ಬೆಳೆದ ಬಡ್ಡಿಯೂ ವಿದೇಶಿ ದೇಣಿಗೆಯ ಲೆಕ್ಕಕ್ಕೇ ಸೇರುತ್ತದೆ. ನೋಂದಣಿ 5 ವರ್ಷಕ್ಕೆ ಮಾತ್ರ.

‘ನಮಗೆ ನೋಂದಣಿ ಇದೆ, ನಿಮ್ಮ ದುಡ್ಡನ್ನು ನಮ್ಮ ಖಾತೆಗೆ ಹಾಕಿಸಿ, ನಿಮಗೆ ದಾಟಿಸುತ್ತೇವೆ’ ಎಂದು ಯಾರಾದರೂ ಹೇಳಿದರೆ ಕೈಮುಗಿದು ಬನ್ನಿ. ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ವಿದೇಶಿ ಹಣ ವರ್ಗಾಯಿಸುವುದನ್ನು 2020ರಲ್ಲೇ ನಿಷೇಧಿಸಲಾಗಿದೆ. ಹೊಸ ಟ್ರಸ್ಟ್‌ಗಳಿಗೆ ಇರುವ ನೇರ ದಾರಿ, ಗೊತ್ತಾದ ದಾನಿಯಿಂದ ಗೊತ್ತಾದ ಮೊತ್ತಕ್ಕೆ ಪೂರ್ವಾನುಮತಿ ಕೇಳುವುದು. ಅದೂ ತಡವಾದರೆ, ನೋಂದಾಯಿತ ಸಂಸ್ಥೆಯೇ ಹಣ ಪಡೆದು ತಾನೇ ಕಾರ್ಯಕ್ರಮ ನಡೆಸಲಿ. ನೀವು ಸ್ವಯಂಸೇವಕರಾಗಿ ಕೈಜೋಡಿಸಿ.

ತೆರಿಗೆ ವಿನಾಯಿತಿಯ ಬಗ್ಗೆ ದಾನಿಗಳಿಗೆ ಸುಳ್ಳು ಆಸೆ ಹುಟ್ಟಿಸಬೇಡಿ. ಬೆಂಗಳೂರಿನ ಟ್ರಸ್ಟ್‌ಗೆ ನೇರವಾಗಿ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಅಮೆರಿಕದಲ್ಲಿ ವಿನಾಯಿತಿ ಸಿಗುವುದಿಲ್ಲ, ಬ್ರಿಟನ್ನಿನಲ್ಲಿ ದಾನಕ್ಕೆ ಸಿಗುವ ಗಿಫ್ಟ್ ಏಡ್ ಎಂಬ ತೆರಿಗೆ ಸೌಲಭ್ಯ ಕೂಡ ಇಲ್ಲ. ವಿನಾಯಿತಿ ಬೇಕೆಂದು ಅಲ್ಲಿನ ನೋಂದಾಯಿತ ಸಂಸ್ಥೆಯ ಮೂಲಕ ಕಳಿಸಿದರೆ ಮೇಲೆ ಹೇಳಿದ ನಿಯಮಗಳೆಲ್ಲ ಅನ್ವಯ.

ಏನು ಕೊಡಿಸಬೇಕು

ಸರ್ಕಾರಿ ಶಾಲೆಗೆ ಹೋಗುವ ಮೊದಲು ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ ಕೂರಿಸಿಕೊಂಡು ಪಟ್ಟಿ ಬರೆಸಿ. ಪಠ್ಯಪುಸ್ತಕ, ಸಮವಸ್ತ್ರ, ಶೂ, ಹಾಲು, ಬಿಸಿಯೂಟ ಸರ್ಕಾರದಿಂದಲೇ ಬರುತ್ತವೆ. ಆದರೂ ದಾನಿಗಳಿಗೆ ಮೊದಲು ಹೊಳೆಯುವುದು ಬ್ಯಾಗು, ನೋಟ್‌ಬುಕ್ಕೇ! ಶೌಚಾಲಯಕ್ಕೆ ನೀರು ಏರಿಸುವ ಮೋಟಾರ್, ಕನ್ನಡಕ, ಓದುವ ಕಥೆಪುಸ್ತಕ ಇವು ಪಟ್ಟಿಯ ಕೊನೆಯಲ್ಲಿ ಸಂಕೋಚದಿಂದ ಬರುತ್ತವೆ, ಅವನ್ನೇ ಎತ್ತಿಕೊಳ್ಳಿ. ವಿದೇಶದಿಂದ ಹಳೆಯ ಲ್ಯಾಪ್‌ಟಾಪ್ ಕಳಿಸಬೇಡಿ ಎಂದು ಮೊದಲೇ ಹೇಳಿ. ಬಳಸಿದ ಕಂಪ್ಯೂಟರ್ ಆಮದಿಗೆ ನಿರ್ಬಂಧವಿದೆ. ಅದಲ್ಲದೆ ವಸ್ತುರೂಪದ ದಾನವೂ ಎಫ್‌ಸಿಆರ್‌ಎ ವ್ಯಾಪ್ತಿಗೇ ಬರುತ್ತದೆ.

ಹೊರನಾಡ ಹುಡುಗರ ಪಾಠ

ಸಮಯ ಕೊಡುವುದಕ್ಕೆ ಈ ಕಟ್ಟುಪಾಡುಗಳಿಲ್ಲ. ನಮ್ಮ ದೃಷ್ಟಿಯಲ್ಲಿ ಹದಿನಾರರ ಹುಡುಗ ಕೊಡಬಹುದಾದ ಒಳ್ಳೆಯ ನೆರವು ಇದೇ. ಗಣಿತ, ವಿಜ್ಞಾನ ಬೇಡ, ಪಠ್ಯಕ್ರಮ ಹೊಂದುವುದಿಲ್ಲ. ಇಂಗ್ಲಿಷ್ ಮಾತು, ಗಟ್ಟಿಯಾಗಿ ಓದುವುದು ಸಾಕು. ಕನ್ನಡ ತಡವರಿಸುವ ಹುಡುಗನನ್ನು ಇಲ್ಲಿನ ಮಕ್ಕಳು ತಿದ್ದುತ್ತಾರೆ. ಅದರಿಂದ ಇಬ್ಬರಿಗೂ ಲಾಭ.

ವೇಳೆಯನ್ನು ಬೆಂಗಳೂರಿನ ಗಡಿಯಾರಕ್ಕೇ ಕಟ್ಟಿ. ಭಾನುವಾರ ಬೆಳಿಗ್ಗೆ 9 ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಶನಿವಾರ ರಾತ್ರಿ 8.30, ಚಳಿಗಾಲದಲ್ಲಿ 7.30. ನ್ಯೂಯಾರ್ಕಿನವರಿಗೆ ಆ ಹೊತ್ತು ತೀರಾ ತಡ. ಅವರಿಗೆ ಇಲ್ಲಿನ ಸಂಜೆ 6.30 ಸರಿ: ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 9, ಚಳಿಗಾಲದಲ್ಲಿ 8. ಲಂಡನ್ನಿಗೂ ಅದೇ ಹೊತ್ತು ಹೊಂದುತ್ತದೆ, ಮಧ್ಯಾಹ್ನ 2 ಅಥವಾ 1. ಅಮೆರಿಕದಲ್ಲಿ ಗಡಿಯಾರ ಬದಲಾಗುವುದು ಮಾರ್ಚಿನ ಎರಡನೇ, ನವೆಂಬರಿನ ಮೊದಲ ಭಾನುವಾರ. ಬ್ರಿಟನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಆ ವಾರ ನೆನಪಿಸದಿದ್ದರೆ ಇಲ್ಲಿ ಮಕ್ಕಳು ಖಾಲಿ ಪರದೆ ನೋಡುತ್ತ ಕೂರುತ್ತಾರೆ.

ಒಂದು ಪರದೆಗೆ ನಾಲ್ಕು ಮಕ್ಕಳು ಮಿತಿ. ಹತ್ತು ಮಂದಿ ಕೂತರೆ ಹಿಂದಿನ ಸಾಲಿಗೆ ಏನೂ ಕೇಳದು. ಉಚಿತ ಝೂಮ್ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಪಾಠವನ್ನು 35ಕ್ಕೇ ಮುಗಿಸಿ. ಕರೆಂಟ್ ಹೋದರೆ ಎಂದು ರೌಟರ್‌ಗೆ ಚಿಕ್ಕ ಯುಪಿಎಸ್ ಹಾಕಿಸಿ. ಒಬ್ಬನೇ ಹುಡುಗ ಕನಿಷ್ಠ ಹತ್ತು ವಾರ ಅದೇ ಗುಂಪಿಗೆ ಬರಲಿ. ಎರಡು ವಾರಕ್ಕೆ ಪ್ರಮಾಣಪತ್ರ ಕೇಳುವವರನ್ನು ಸೇರಿಸಿಕೊಳ್ಳಲೇಬೇಡಿ.

ಎರಡೂ ಕಡೆ ದೊಡ್ಡವರೊಬ್ಬರು ಕೋಣೆಯಲ್ಲಿರಬೇಕು. ಮಕ್ಕಳ ಜೊತೆ ಫೋನ್ ನಂಬರ್, ಇನ್‌ಸ್ಟಾಗ್ರಾಂ ವಿನಿಮಯ ಕೂಡದು. ತರಗತಿಯ ಸ್ಕ್ರೀನ್‌ಶಾಟ್ ಕೂಡದು. ಬಾಲಮಂದಿರದಂಥ ಕಡೆ ಇರುವ ಮಕ್ಕಳ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಮಗು ಲೈಂಗಿಕ ಕಿರುಕುಳದ ಮಾತೆತ್ತಿದರೆ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡುವುದು ಕಡ್ಡಾಯ. 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಆ ಕೋಣೆಯ ಗೋಡೆಗೇ ಅಂಟಿಸಿಡಿ.

ರಜೆಗೆ ಊರಿಗೆ ಬರುವ ಹುಡುಗರಿಗೆ ಜುಲೈ ಒಳ್ಳೆಯ ತಿಂಗಳು. ಅಮೆರಿಕದ ಶಾಲೆಗಳಿಗೆ ಆಗ ರಜೆ, ನಮ್ಮ ಶಾಲೆಗಳು ಶುರುವಾಗಿ ಮಕ್ಕಳು ಹೊಂದಿಕೊಂಡಿರುತ್ತಾರೆ. ಮಾರ್ಚ್ ಮಾತ್ರ ಬೇಡ, ಎಸ್‌ಎಸ್‌ಎಲ್‌ಸಿ ಗಡಿಬಿಡಿಯಲ್ಲಿ ಶಿಕ್ಷಕರಿಗೆ ಮಾತಾಡಲೂ ಪುರುಸೊತ್ತಿರುವುದಿಲ್ಲ.