ಒಂದು ಕಾಲು ಗಿಡ್ಡ, ಓಟ ಬಿಡಲು ಮನಸ್ಸಿಲ್ಲ: ಆಪರೇಷನ್‌ಗೆ ಒಪ್ಪುವ ಮುನ್ನ

ನನ್ನ ಕಾಲುಗಳು ಸಮ ಇಲ್ಲ ಎಂದು ಮೊದಲು ಕಂಡುಹಿಡಿದವರು ನಮ್ಮ ಟೈಲರ್. ‘ಬಲಗಾಲಿಗೆ ಸ್ವಲ್ಪ ಜಾಸ್ತಿ ಬಟ್ಟೆ ಬಿಡ್ತೀನಿ ಸರ್’ ಎಂದರು, ಟೇಪು ಸುತ್ತುತ್ತಾ. ಎಂಟನೇ ವಯಸ್ಸಿನಲ್ಲಿ ಮುರಿದದ್ದೂ ಅದೇ ಕಾಲಿನ ತೊಡೆಮೂಳೆ. ಮುರಿದ ಕಾಲು ಗಿಡ್ಡವಾಗಬೇಕಿತ್ತಲ್ಲ ಎನ್ನಬೇಡಿ. ಎಳೆಯ ಮೂಳೆ ಕೂಡಿಕೊಳ್ಳುವಾಗ ಅಲ್ಲಿ ರಕ್ತಸಂಚಾರ ಹೆಚ್ಚಾಗಿ, ಮುರಿದ ಕಾಲೇ ಒಂದು ಸೆಂಟಿಮೀಟರ್‌ನಷ್ಟು ಹೆಚ್ಚು ಬೆಳೆದುಬಿಡುವುದುಂಟು. ನನಗೆ ವ್ಯತ್ಯಾಸ 12 ಮಿ.ಮೀ. ಓಡಲು ಶುರುಮಾಡಿ ಸೊಂಟ ಹಿಡಿದುಕೊಂಡ ಮೇಲೆ ‘ಒಂದೇ ಸಲ ಆಪರೇಷನ್ ಮಾಡಿಸಿಬಿಡಲೇ’ ಎಂಬ ಯೋಚನೆ ನನಗೂ ಬಂದಿತ್ತು. ಹಾಗೆ ಯೋಚಿಸುತ್ತಿರುವವರು ಈ ಕ್ರಮದಲ್ಲಿ ಸಾಗಿದರೆ ಒಳ್ಳೆಯದು.

ಮೊದಲು: ಗಿಡ್ಡವಾಗಿರುವುದು ಮೂಳೆಯೇ?

ಸೊಂಟ ಒಂದು ಕಡೆ ವಾಲಿದ್ದರೆ, ಬೆನ್ನುಮೂಳೆ ಡೊಂಕಿದ್ದರೆ, ಒಂದು ಪಾದ ಚಪ್ಪಟೆಯಾಗಿದ್ದರೆ ಮೂಳೆಗಳು ಸಮವಿದ್ದರೂ ಕಾಲು ಗಿಡ್ಡದಂತೆ ಕಾಣುತ್ತದೆ. ಅದಕ್ಕೆ ಸಾಮಾನ್ಯವಾಗಿ ಫಿಸಿಯೊ ಸಾಕು, ಕತ್ತಿ ಬೇಡ. ಓಡುವ ಜಾಗವನ್ನೂ ಗಮನಿಸಿ. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳ ಅಂಚು ಇಳಿಜಾರಾಗಿರುತ್ತದೆ. ದಿನವೂ ಒಂದೇ ಬದಿಯಲ್ಲಿ ಓಡಿದರೆ ಸಮಕಾಲಿನವರಿಗೂ ಒಂದು ಕಡೆ ನೋವು ಬರಬಹುದು.

ಮನೆಯಲ್ಲೇ ಹೀಗೆ ನೋಡಬಹುದು. ಬರಿಗಾಲಲ್ಲಿ, ಎರಡೂ ಮಂಡಿ ನೆಟ್ಟಗೆ ಮಾಡಿ ನಿಲ್ಲಿ. ಮನೆಯವರೊಬ್ಬರು ಹಿಂದೆ ಕುಳಿತು, ಎರಡೂ ಅಂಗೈಗಳನ್ನು ನಿಮ್ಮ ಸೊಂಟದ ಮೂಳೆಗಳ ಮೇಲಂಚಿನಲ್ಲಿ ಒತ್ತಿ ಹಿಡಿಯಲಿ. ಒಂದು ಕೈ ಕೆಳಗಿದ್ದರೆ ಆ ಪಾದದಡಿ ರಟ್ಟಿನ ನೋಟ್‌ಬುಕ್‌ಗಳನ್ನು ಒಂದೊಂದಾಗಿ ಇಡುತ್ತಾ ಬನ್ನಿ. ಕೈಗಳು ಸಮನಾದಾಗ ಆ ಪುಸ್ತಕಗಳ ದಪ್ಪವನ್ನು ಸ್ಕೇಲಿನಲ್ಲಿ ಅಳೆಯಿರಿ. ಇದು ಅಂದಾಜು ಮಾತ್ರ. ನಿಖರ ಲೆಕ್ಕ ಬೇಕೆಂದರೆ ಮೂಳೆ ಡಾಕ್ಟರ ಬಳಿ ಹೋಗಿ, ಸೊಂಟದಿಂದ ಪಾದದವರೆಗೆ ನಿಂತೇ ತೆಗೆಯುವ ಎಕ್ಸ್‌ರೇ, ಅಂದರೆ ಸ್ಕ್ಯಾನೋಗ್ರಾಂ ಮಾಡಿಸಬೇಕು. ವ್ಯತ್ಯಾಸ ತೊಡೆಯಲ್ಲಿದೆಯೋ ಮೊಣಕಾಲಿನ ಕೆಳಗಿದೆಯೋ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಎರಡು ಸೆಂಟಿಮೀಟರ್ ಎಂಬ ಗೆರೆ

ವ್ಯತ್ಯಾಸ 2 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಆಪರೇಷನ್ ಮಾತೇ ಎತ್ತುವುದಿಲ್ಲ. ಉಸೇನ್ ಬೋಲ್ಟ್ ಅವರ ಬಲಗಾಲು ಸುಮಾರು ಅರ್ಧ ಇಂಚು ಗಿಡ್ಡ, ಬೆನ್ನುಮೂಳೆಯೂ ಡೊಂಕು. ಅವರ ಓಟದ ವಿಡಿಯೊಗಳನ್ನು ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ 2017ರಲ್ಲಿ ಹೇಳಿದ್ದು: ಬಲಗಾಲು ನೆಲಕ್ಕೆ 13% ಹೆಚ್ಚು ಬಲದಿಂದ ಬಡಿಯುತ್ತಿತ್ತು, ಎಡಗಾಲು 14% ಹೆಚ್ಚು ಹೊತ್ತು ನೆಲದ ಮೇಲಿರುತ್ತಿತ್ತು. ಆ ಕಾಲುಗಳಲ್ಲೇ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಮುಗಿಸಿದರು. ನಾವು ಬೋಲ್ಟ್ ಅಲ್ಲ, ನಿಜ. ನಮ್ಮ ಸೊಂಟನೋವಿಗೆ ಕಾಲಿನ ಉದ್ದವೇ ಕಾರಣ ಎಂದುಕೊಳ್ಳುವ ಮುನ್ನ ಈ ಉದಾಹರಣೆ ನೆನಪಿರಲಿ, ಅಷ್ಟೆ.

ನೋವು ಇದ್ದೇ ಇದ್ದರೆ: ಗಿಡ್ಡ ಕಾಲಿನ ಹಿಮ್ಮಡಿಗೆ ಪ್ಯಾಡು

ಪೂರ್ತಿ ವ್ಯತ್ಯಾಸವನ್ನು ಒಂದೇ ದಿನ ತುಂಬಬೇಡಿ. ವರ್ಷಗಟ್ಟಲೆ ವಾಲಿಕೊಂಡೇ ಹೊಂದಿಕೊಂಡ ಮೈ ಮುನಿಸಿಕೊಳ್ಳುತ್ತದೆ. 3 ಮಿ.ಮೀ.ನಿಂದ ಶುರುಮಾಡಿ, ಎರಡು ವಾರ ಬಿಟ್ಟು ಮತ್ತೆ 3 ಸೇರಿಸಿ. ನೋವು ನಿಂತ ಕಡೆ ನೀವೂ ನಿಲ್ಲಿ. ಶೂ ಒಳಗೆ ಸುಮಾರು 1 ಸೆಂ.ಮೀ. ಹಿಡಿಸುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಹಿಮ್ಮಡಿ ಶೂನಿಂದ ಮೇಲೆದ್ದು ಬರುತ್ತದೆ, ಹೊರಗಿನ ಅಟ್ಟೆಯನ್ನೇ ದಪ್ಪ ಮಾಡಿಸಬೇಕು. ನಾವೆಲ್ಲ ಮರೆಯುವ ಸಂಗತಿ ಇನ್ನೊಂದಿದೆ. ಹೊಸ್ತಿಲಲ್ಲಿ ಶೂ ಬಿಟ್ಟ ಮೇಲೆ ಮನೆಯೊಳಗೆ ಬರಿಗಾಲು. ಬೆಳಿಗ್ಗೆ ಒಂದು ಗಂಟೆ ಸಮ, ಉಳಿದ ದಿನವೆಲ್ಲ ಓರೆ. ನಾನು ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿಯೊಂದಕ್ಕೆ ಅದೇ ದಪ್ಪದ ರಬ್ಬರ್ ಹಾಳೆ ಅಂಟಿಸಿ ಮನೆಯೊಳಗೂ ಹಾಕುತ್ತೇನೆ. ಅಮ್ಮ ಅಡುಗೆಮನೆಗೆ ಮಾತ್ರ ಬಿಟ್ಟುಕೊಳ್ಳುವುದಿಲ್ಲ.

ಗೆರೆ ದಾಟಿದ್ದರೆ

ಬೆಳೆಯುವ ಮಕ್ಕಳಾದರೆ ದಾರಿ ಸುಲಭ. ಉದ್ದದ ಕಾಲಿನ ಮಂಡಿ ಪಕ್ಕದ ಬೆಳವಣಿಗೆ ಪದರವನ್ನು ಸಣ್ಣ ಆಪರೇಷನ್‌ನಿಂದ ತಡೆದರೆ, ಗಿಡ್ಡ ಕಾಲು ಬೆಳೆದು ಹತ್ತಿರ ಬರುತ್ತದೆ. ಹುಡುಗಿಯರಲ್ಲಿ ಸುಮಾರು 14ಕ್ಕೆ, ಹುಡುಗರಲ್ಲಿ 16ಕ್ಕೆ ಬೆಳವಣಿಗೆ ನಿಲ್ಲುವುದರಿಂದ ತಡಮಾಡಬಾರದು.

ದೊಡ್ಡವರಿಗೆ ದಾರಿ ಎರಡು. ಒಂದು, ಉದ್ದದ ತೊಡೆಮೂಳೆಯಿಂದ ತುಂಡು ತೆಗೆದು ರಾಡ್ ಹಾಕುವುದು. ಬೇಗ ಮುಗಿಯುತ್ತದೆ. ಆದರೆ ಕತ್ತರಿಸುವುದು ಗಟ್ಟಿಮುಟ್ಟಾದ ಕಾಲನ್ನೇ. ಎತ್ತರವೂ ಅಷ್ಟು ಕಡಿಮೆಯಾಗುತ್ತದೆ, ತೊಡೆಯ ಸ್ನಾಯು ಸಡಿಲಾಗಿ ತಿಂಗಳುಗಟ್ಟಲೆ ಬಲ ಸಾಲದು.

ಇನ್ನೊಂದು, ಗಿಡ್ಡ ಕಾಲನ್ನು ಉದ್ದ ಮಾಡುವುದು. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್‌ನಲ್ಲಿ ಗವ್ರೀಲ್ ಇಲಿಜಾರೊವ್ ರೂಪಿಸಿದ ವಿಧಾನ. ಮೂಳೆ ಕತ್ತರಿಸಿ, ಕಾಲಿನ ಸುತ್ತ ಲೋಹದ ಬಳೆಗಳನ್ನು ತಂತಿಗಳಿಂದ ಬಿಗಿದು, ಸುಮಾರು ಒಂದು ವಾರ ಕಾಯುತ್ತಾರೆ. ಬಳಿಕ ನಟ್ಟು ತಿರುಗಿಸುವ ಕೆಲಸ ರೋಗಿಯದೇ: 0.25 ಮಿ.ಮೀ.ನಂತೆ ನಾಲ್ಕು ಸಲ, ದಿನಕ್ಕೆ 1 ಮಿ.ಮೀ. ಬಿರುಕಿನಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. 3 ಸೆಂ.ಮೀ. ಎಳೆಯಲು ಒಂದು ತಿಂಗಳು ಸಾಕು. ಅದು ಗಟ್ಟಿಯಾಗಲು ಮಾತ್ರ ಸೆಂಟಿಮೀಟರಿಗೆ ಒಂದರಿಂದ ಒಂದೂವರೆ ತಿಂಗಳು ಹಿಡಿಯುತ್ತದೆ. ಈಗ ಮೂಳೆಯೊಳಗೇ ಕೂರಿಸಿ ಹೊರಗಿನಿಂದ ಅಯಸ್ಕಾಂತದಿಂದ ಉದ್ದ ಮಾಡುವ ರಾಡೂ ಇದೆ, ದುಬಾರಿ. ತಂತಿ ಹೊಕ್ಕ ಜಾಗದಲ್ಲಿ ಕೀವು, ಮಂಡಿ ಬಿಗಿತ, ನರಕ್ಕೆ ಪೆಟ್ಟು, ಹೊಸ ಮೂಳೆ ಮತ್ತೆ ಮುರಿಯುವುದು, ಇವು ಗೊತ್ತಿರುವ ಅಪಾಯಗಳು. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದೇ ತಡ. ಓಟಕ್ಕೆ ಮರಳಲು ಒಂದು ವರ್ಷ ಎಂದೇ ಎಣಿಸಿ.

ಎತ್ತರ ಜಿಗಿತದ ಆಗಿನ ವಿಶ್ವದಾಖಲೆಗಾರ ವಲೇರಿ ಬ್ರೂಮೆಲ್ 1965ರ ಬೈಕ್ ಅಪಘಾತದಲ್ಲಿ ಕಾಲು ಮುರಿದ ನಂತರ ಕೊನೆಗೆ ಹೋದದ್ದು ಇಲಿಜಾರೊವ್ ಬಳಿಗೇ. ಮತ್ತೆ ಎರಡು ಮೀಟರ್ ದಾಟಿ ಜಿಗಿದರು. ಆದರೆ ತಮ್ಮದೇ ದಾಖಲೆಯಾದ 2.28 ಮೀಟರಿನ ಹತ್ತಿರ ಮತ್ತೆ ಬರಲಿಲ್ಲ.

ಡಾಕ್ಟರ ಮುಂದೆ ಕುಳಿತಾಗ

‘ಆಪರೇಷನ್ ಆದ ಮೇಲೆ ಓಡಬಹುದಾ?’ ಎಂದು ಕೇಳಿದರೆ ‘ಓಡಬಹುದು’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ಹೀಗೆ ಕೇಳಿ: ನನ್ನ ನೋವು ಕಾಲಿನ ಉದ್ದದಿಂದಲೇ ಎಂದು ನಿಮಗೆ ಹೇಗೆ ಗೊತ್ತಾಯಿತು? ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ಎಷ್ಟು ತಿಂಗಳು ಊರುಗೋಲು? ಇದೇ ಆಪರೇಷನ್ ಮಾಡಿಸಿಕೊಂಡು ಈಗ ಓಡುತ್ತಿರುವವರೊಬ್ಬರ ಜತೆ ಮಾತಾಡಿಸುತ್ತೀರಾ?