ಹಸಿ ಕಾಂಕ್ರೀಟ್ ಚರ್ಮ ಸುಡುತ್ತದೆ, ಉರಿ ತಡವಾಗಿ ಗೊತ್ತಾಗುತ್ತದೆ
ಗಮ್‌ಬೂಟಿನೊಳಗೆ ಕಾಂಕ್ರೀಟ್ ನೀರು ಇಳಿದರೆ ಕೆಲಸ ಮುಗಿಯಲಿ ಅಂತ ಕಾಯಬೇಡಿ. ಬೂಟು, ಕಾಲುಚೀಲ ಎರಡನ್ನೂ ಆಗಲೇ ಬಿಚ್ಚಿ. ಹಸಿ ಸಿಮೆಂಟಿನ ಪಿಎಚ್ 12ರಿಂದ 13, ಅಂದರೆ ಚರ್ಮ ಸುಡುವಷ್ಟು ಪ್ರಬಲ ಕ್ಷಾರ. ಮೊದಲ ಒಂದೆರಡು ಗಂಟೆ ನೋವೇ ಇರದೆ ಹೋಗಬಹುದು, ಮೋಸ ಆಗುವುದೇ ಇಲ್ಲಿ. ಉರಿ ಶುರುವಾಗುವ ಹೊತ್ತಿಗೆ ಮಂಡಿ, ಕಣಕಾಲಿನ ಚರ್ಮ ಆಳಕ್ಕೆ ಸುಟ್ಟಿರುತ್ತದೆ.

ಒಣ ಪುಡಿ ಅಂಟಿದ್ದರೆ ಮೊದಲು ಕೊಡವಿ, ಆಮೇಲೆ ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕರಣೆ, ಬಾಂಡ್ಲಿ ತೊಳೆದ ಡ್ರಮ್ಮಿನ ನೀರು ಬೇಡವೇ ಬೇಡ, ಅದೂ ಕ್ಷಾರವೇ. ಎಣ್ಣೆ, ಟೂತ್‌ಪೇಸ್ಟ್ ಹಚ್ಚಬೇಡಿ. ಕಣ್ಣಿಗೆ ಸಿಡಿದರೆ ರೆಪ್ಪೆ ಅಗಲಿಸಿ ಅಷ್ಟೇ ಹೊತ್ತು ತೊಳೆದು, ಉರಿ ಇಳಿದಿದ್ದರೂ ಆಸ್ಪತ್ರೆಗೆ ಹೋಗಿ.

ಬಟ್ಟೆಯ ಗ್ಲೌಸ್ ಹಾಕುವುದು ಏನೂ ಹಾಕದ್ದಕ್ಕಿಂತ ಕಡೆ: ನೀರು ಹೀರಿ ಅದನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಪೂರ್ತಿ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಲೇಪನದ, ಮಣಿಕಟ್ಟು ದಾಟುವ ಗ್ಲೌಸ್ ತನ್ನಿ. ಅಂಗೈಗೆ ಮಾತ್ರ ಲೇಪನವಿದ್ದರೆ ಹಿಂಬದಿಯಿಂದ ಒಸರುತ್ತದೆ. ಪ್ಯಾಂಟು ಬೂಟಿನ ಹೊರಗಿರಲಿ. ಫಿನಿಶಿಂಗ್‌ಗೆ ಮಂಡಿಯೂರುವವರು ಹಲಗೆ ಮತ್ತು ನೀರು ಹೀರದ ಮಂಡಿ ಪ್ಯಾಡ್ ಬಳಸಲಿ. ಕೈಯ ತುರಿಕೆ, ಬಿರುಕು ವಾರಗಟ್ಟಲೆ ಹೋಗದಿದ್ದರೆ ಸಿಮೆಂಟಿನ ಕ್ರೋಮಿಯಂ ಅಲರ್ಜಿ ಇರಬಹುದು, ಚರ್ಮದ ವೈದ್ಯರಿಗೆ ತೋರಿಸಿ.